ನಾಲ್ಕು ಮೂಲೆಗೆ ನಾಲ್ಕು ಕೈ

ಸೋಮವಾರ ಬೆಳಿಗ್ಗೆ ಏಳೂವರೆಗೆ, ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ, ಕೊಳೆ ಬೆಡ್‌ಶೀಟಿನ ಮಡಿಕೆಯೊಳಗೆ ಉಳಿದಿದ್ದ ಸೂಜಿಯೊಂದು ಬಟ್ಟೆ ವಿಂಗಡಿಸುವ ಹೆಂಗಸಿನ ಅಂಗೈಗೆ ನಾಟಿತು. ಎಂಟು ಗಂಟೆಗೆ ವರದಿ ತಯಾರಾಯಿತು. 'ಕೆಲಸಗಾರಳ ಅಜಾಗರೂಕತೆ. ಕೈಗವಸು ಧರಿಸಿರಲಿಲ್ಲ' ಎಂದು ಅದರಲ್ಲಿ ಬರೆದಿತ್ತು. ಆ ಲಾಂಡ್ರಿಯಲ್ಲಿ ಯಾರಿಗೂ ಕೈಗವಸು ಕೊಟ್ಟಿರಲಿಲ್ಲ.

ಆ ಹೆಂಗಸನ್ನು ಲಾಂಡ್ರಿಯವರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು. ಒಬ್ಬಳಿಗೆ ಮಾತ್ರ ಆಕೆ ನಿಜಕ್ಕೂ ಚಿಕ್ಕಮ್ಮ. ತಾಯಿ ಹೋದ ಮೇಲೆ ಸಾಕಿ ಬೆಳೆಸಿ, ತನ್ನ ಪಕ್ಕದ ಮೇಜಿನಲ್ಲೇ ಕೆಲಸ ಕೊಡಿಸಿದವಳು. ಮಾತಿಗೂ ಕೈಗೂ ಚುರುಕಾದ ಆ ಹುಡುಗಿಗೆ ಲಾಂಡ್ರಿಯವರು ಇಟ್ಟ ಹೆಸರು ಚುರುಕಿ.

ಚುರುಕಿ ಸೂಜಿಯನ್ನು ಸ್ಟೀಲ್ ಬಟ್ಟಲಿಗೆ ಹಾಕಿದಳು. ಶೀಟಿನ ಮೂಲೆ ತಿರುಗಿಸಿದಳು. ನೀಲಿ ದಾರದ ಹೊಲಿಗೆ.

ಪ್ರತಿ ವಾರ್ಡಿನ ಬಟ್ಟೆಗೂ ಮೂಲೆಯಲ್ಲಿ ಒಂದೊಂದು ಬಣ್ಣದ ಗುರುತು. ನೀಲಿ ಎಂದರೆ ಮೂರನೇ ಮಹಡಿ, ಗಂಡಸರ ಮೂಳೆ ವಾರ್ಡು.

ಏಳು ವರ್ಷದಲ್ಲಿ ಅವಳು ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಕೊಳೆ ಬಟ್ಟೆಯ ಗಂಟು ತಗಡಿನ ಕೊಳವೆಯೊಳಗಿಂದ ಧೊಪ್ಪೆಂದು ಬೀಳುತ್ತಿತ್ತು. ಒಗೆದ ಬಟ್ಟೆ ಲಿಫ್ಟ್ ಹತ್ತಿ ಹೋಗುತ್ತಿತ್ತು. ನಡುವೆ ಇದ್ದ ಮನುಷ್ಯರನ್ನು ಅವಳು ನೋಡಿರಲಿಲ್ಲ.

ಅಂದು ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದಳು.

ವಾರ್ಡಿನ ಬಾಗಿಲಲ್ಲಿ ಅವಳ ಕಾಲು ತಾನಾಗಿ ನಿಂತಿತು. ಉದ್ದಕ್ಕೂ ಎರಡು ಸಾಲು ಹಾಸಿಗೆ... ಪ್ರತಿಯೊಂದರ ಮೇಲೂ ಅವಳು ಇಸ್ತ್ರಿ ಮಾಡಿದ ಶೀಟು. ಅದರ ಮೇಲೆ ಮನುಷ್ಯರು. ಒಬ್ಬ ಮುದುಕ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಅವನ ಕೆನ್ನೆ ಅವಳ ಮಡಿಕೆಯ ಗೆರೆಯ ಮೇಲಿತ್ತು.

'ಇದಕ್ಕಾ ನಾನು ಒಗೀತಿದ್ದಿದ್ದು?'

ಬೆರಗು ಒಂದು ಗಳಿಗೆ. ಆಮೇಲೆ ಕೈಯಲ್ಲಿನ ಬಟ್ಟಲು ನೆನಪಾಯಿತು.

"ಇಲ್ಲಿ ಯಾರು ನೋಡ್ಕೊಳ್ಳೋದು?"

ಎತ್ತರದ, ನಿದ್ದೆಗೆಟ್ಟ ಕಣ್ಣಿನ ಯುವಕ ತಿರುಗಿದ. ಗಂಡು ನರ್ಸುಗಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವಂತೆ ಇವನೂ ಬ್ರದರ್.

"ನಾನೇ. ಏನಾಗ್ಬೇಕಿತ್ತು?"

"ಏನೂ ಆಗ್ಬೇಕಿರಲಿಲ್ಲ. ಆಗಿಹೋಯ್ತು." ಅವಳು ಬಟ್ಟಲು, ಶೀಟು ಎರಡನ್ನೂ ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ಸೂಜಿ. ನಮ್ಮ ಚಿಕ್ಕಮ್ಮನ ಕೈಯಲ್ಲಿತ್ತು. ವಾಪಸ್ ತಗೊಳ್ಳಿ."

ಅವನು ಸೂಜಿಯನ್ನು ನೋಡಿದ. ನೀಲಿ ಮೂಲೆಯನ್ನು ನೋಡಿದ. ಮತ್ತೆ ಸೂಜಿಯನ್ನು, ಈ ಸಲ ತುಂಬ ಹೊತ್ತು.

"ಅವರಿಗೆ ಚಿಕಿತ್ಸೆ ಶುರು ಆಯ್ತಾ? ಎರಡು ಗಂಟೆಯೊಳಗೆ ಮಾತ್ರೆ ಹಾಕ್ಬೇಕು."

"ಮಾತು ತಪ್ಪಿಸ್ಬೇಡಿ. ಇದು ನಿಮ್ಮ ವಾರ್ಡಿನದು ಹೌದೋ ಅಲ್ವೋ?"

ಅವನು ಅವಳ ಕೈಗಳನ್ನು ನೋಡಿದ. ಸೋಪಿನ ನೀರಿಗೆ ಬೆರಳ ತುದಿ ಬಿಳಿಚಿ ಸುಲಿದಿದ್ದ ಕೈಗಳು.

"ನಮ್ಮದೇ," ಎಂದ. "ತಪ್ಪು ನಮ್ಮದೇ."

ವಾದಕ್ಕೆಂದೇ ಸಜ್ಜಾಗಿ ಬಂದವಳಿಗೆ ಈ ಉತ್ತರ ಕಾಲಡಿಯ ಮೆಟ್ಟಿಲು ತಪ್ಪಿದಂತಾಯಿತು.

"ತಪ್ಪು ಅಂತ ಬಾಯಲ್ಲಿ ಹೇಳಿದ್ರೆ ಮುಗೀತಾ? ಕೆಲಸ ಮುಗಿದ ಮೇಲೆ ಕೆಳಗೆ ಬನ್ನಿ. ಒಂದು ಗಂಟೆ ನಮ್ಮ ಮೇಜಿನ ಮುಂದೆ ನಿಂತ್ಕೊಳ್ಳಿ. ಆಮೇಲೆ ಮಾತಾಡಿ."

ಬರುವುದಿಲ್ಲ ಎಂದುಕೊಂಡೇ ಹೇಳಿದ್ದಳು.

ಅವನು ಬಂದ.

ಚಿಕ್ಕಮ್ಮನನ್ನು ತಾನೇ ವೈದ್ಯರ ಬಳಿ ಕರೆದೊಯ್ದು ಮಾತ್ರೆ ಬರೆಸಿಕೊಟ್ಟ. ಒಂದು ತಿಂಗಳು ಮಾತ್ರೆ, ಮೂರು ತಿಂಗಳಲ್ಲಿ ಮೂರು ಸಲ ರಕ್ತ ಪರೀಕ್ಷೆ. ಕೊನೆಯದರ ಫಲಿತಾಂಶ ಬರುವವರೆಗೂ ಎಚ್‌ಐವಿಯಂಥ ಸೋಂಕು ತಗುಲಿದೆಯೋ ಇಲ್ಲವೋ ಹೇಳಲಾಗದು. ಆಮೇಲೆ ಅವನು ನೆಲಮಾಳಿಗೆಗೆ ಇಳಿದು, ಕೊಳವೆಯ ಬಾಯಿಯ ಮುಂದೆ ನಿಂತ.

ಧೊಪ್. ಧೊಪ್. ಧೊಪ್.

ನಾಲ್ಕು ಮಹಡಿಯ ಒಂದು ರಾತ್ರಿ ಅವನ ಮುಂದೆ ಬಿದ್ದು ಗುಡ್ಡೆಯಾಯಿತು. ಹೆರಿಗೆಯ ರಕ್ತ, ಮಕ್ಕಳ ವಾಂತಿ, ಸತ್ತವರ ಹೊದಿಕೆ... ಆ ಗುಡ್ಡೆಯ ಸುತ್ತ ಆರು ಜನ ಹೆಂಗಸರು, ಸೊಂಟಕ್ಕೆ ಸೆರಗು ಬಿಗಿದು, ಬರಿಗೈಯಲ್ಲಿ.

ಒಂದು ಗಂಟೆಯಲ್ಲಿ ಗುಡ್ಡೆಯೊಳಗಿಂದ ಎರಡು ಸೂಜಿ, ಒಂದು ಕತ್ತರಿ, ಒಡೆದ ಔಷಧಿ ಸೀಸೆ ಬಂದವು. ಒಂದು ಹಲ್ಲು ಸೆಟ್ಟೂ ಬಂತು.

"ಯಾರೋ ಪಾಪ, ಗಂಜಿ ಕುಡೀತಾ ಕೂತಿರ್ತಾರೆ," ಎಂದಳು ಚಿಕ್ಕಮ್ಮ, ಬ್ಯಾಂಡೇಜು ಕಟ್ಟಿದ ಕೈ ಆಡಿಸುತ್ತ. "ತಗೊಂಡು ಹೋಗಪ್ಪ ಬ್ರದರ್. ನಗೋಕಾದ್ರೂ ಬೇಕಲ್ಲ ಅವರಿಗೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಗುಡಿಯೊಳಗೆ ಚಪ್ಪಲಿ ಹಾಕಿಕೊಂಡೇ ಬಂದುಬಿಟ್ಟವನ ಮುಖ ಮಾಡಿಕೊಂಡು ನಿಂತಿದ್ದ.

"ಆರು ವರ್ಷದಿಂದ ಗಂಟು ಕಟ್ಟಿ ಹಾಕ್ತಾ ಇದ್ದೀನಿ," ಎಂದ ಮೆಲ್ಲಗೆ. "ಕೊಳವೆಗೆ ಇನ್ನೊಂದು ತುದಿ ಇರುತ್ತೆ ಅಂತ ಒಂದು ದಿನವೂ ಹೊಳೀಲಿಲ್ಲ."

ಚುರುಕಿ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು.

ದಾರಿಯನ್ನು ಇಬ್ಬರೂ ಸೇರಿ ಹುಡುಕಿದರು. ಶೀಟನ್ನು ಹಾಸಿಗೆಯಿಂದ ಎಳೆದು ಮುದುರಿ ಗಂಟು ಕಟ್ಟುವುದು ಎಲ್ಲರ ರೂಢಿ. ಅದರ ಬದಲು ಇಬ್ಬರು ನಾಲ್ಕು ಮೂಲೆ ಹಿಡಿಯಬೇಕು. ಕೊಡವಬಾರದು, ಕೊಳೆ ರೋಗಿಗಳ ಮೂಗಿಗೆ ಹೋಗುತ್ತದೆ. ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ನಡುವೆ ತಗ್ಗು ಬಿಡಬೇಕು. ಒಳಗಿದ್ದದ್ದು ತಾನಾಗಿ ಉರುಳಿ ತಗ್ಗಿಗೆ ಬರುತ್ತದೆ. ಚಿಮಟದಲ್ಲಿ ತೆಗೆದರಾಯಿತು.

"ಎಷ್ಟು ಹೊತ್ತು ಹಿಡಿಯುತ್ತೆ?" ಎಂದು ಚುರುಕಿ ಕೇಳಿದಳು.

"ಒಂದು ಸಲ ಆಕಳಿಸೋಷ್ಟು."

ಮೂರನೇ ಮಹಡಿಯ ವಾರ್ಡಿನಲ್ಲಿ ಮಾರನೆಯ ದಿನವೇ ಶುರುವಾಯಿತು. ಆದರೆ ಉಳಿದ ವಾರ್ಡುಗಳು ಒಪ್ಪಲಿಲ್ಲ.

ಆಡಳಿತಾಧಿಕಾರಿ ಅರ್ಜಿ ಕೊಡಲು ಹೇಳಿದರು. ನೌಕರರ ಸಂಘದ ಕಾರ್ಯದರ್ಶಿ ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಎಲ್ಲ ವಾರ್ಡುಗಳ ನರ್ಸುಗಳಿಗೂ ಮೇಲಿನವರು, ಮೂವತ್ತು ವರ್ಷದಿಂದ ಅಲ್ಲಿದ್ದ ದೊಡ್ಡ ಸಿಸ್ಟರ್, ತಲೆಯನ್ನೂ ಎತ್ತಲಿಲ್ಲ.

"ನನ್ನ ಹುಡುಗೀರಿಗೆ ನೀರು ಕುಡಿಯೋಕೆ ಪುರುಸೊತ್ತಿಲ್ಲ. ತಪ್ಪು ಮಾಡಿದ್ದು ಮೂರನೇ ವಾರ್ಡು. ಮೆಮೊ ಸಿಕ್ಕಿದ್ದೂ ಅವರಿಗೇ. ಅವರೇ ಶೀಟು ಹಿಡ್ಕೊಂಡು ಕುಣಿಯಲಿ."

ಹೌದು, ತಪ್ಪು ಒಪ್ಪಿಕೊಂಡದ್ದಕ್ಕೆ ಬ್ರದರ್‌ಗೆ ಮೆಮೊ, ಎಚ್ಚರಿಕೆಯ ಪತ್ರ, ಸಿಕ್ಕಿತ್ತು. ಆ ವರ್ಷದ ಬಡ್ತಿಯ ಪಟ್ಟಿಯಿಂದ ಅವನ ಹೆಸರು ಹೊರಬಿದ್ದಿತ್ತು.

'ಬೀಳ್ಲಿ. ಚಿಕ್ಕಮ್ಮನ ಕೈ ಮುಂದೆ ಅದ್ಯಾವ ದೊಡ್ಡ ವಿಷಯ?' ಎಂದು ಚುರುಕಿ ತನಗೆ ತಾನೇ ಹೇಳಿಕೊಂಡಳು. ಆದರೆ ದಿನಾ ಪಾಳಿ ಮುಗಿದ ಮೇಲೆ ಅವನು ಕೆಳಗೆ ಬಂದು ಚಿಕ್ಕಮ್ಮನ ನಾಡಿ ಹಿಡಿದು, ಮಾತ್ರೆಯಿಂದ ವಾಕರಿಕೆ ಬಂತಾ ಎಂದು ಕೇಳುವಾಗ, ಅವಳ ಕೈಯಲ್ಲಿನ ಮಡಿಕೆ ಯಾಕೋ ಸೊಟ್ಟಗಾಗುತ್ತಿತ್ತು...

"ಲೇ, ಒಂದೇ ಶೀಟನ್ನ ಎಷ್ಟು ಸಲ ಮಡಿಸ್ತೀಯೇ?" ಎಂದಳು ಚಿಕ್ಕಮ್ಮ ಒಮ್ಮೆ. "ಹೋಗ್ಲಿ ಬಿಡು. ಊರೆಲ್ಲ ಬ್ರದರ್ ಅನ್ನೋನನ್ನ ನೀನು ಏನಂತ ಕರೀತೀಯ, ಅದನ್ನ ಯೋಚನೆ ಮಾಡು."

"ಸುಮ್ನಿರು ಚಿಕ್ಕಮ್ಮ. ಅವರ ಸೂಜಿಯಿಂದಲೇ ನಿನಗೆ ಈ ಗತಿ."

"ಗತಿ ಅಂತೆ. ಬಂದಿರೋದು ಸೂಜಿ ಕಣೇ, ಯಮ ಅಲ್ಲ."

ಆದರೆ ಮಧ್ಯಾಹ್ನ ಊಟದ ಹೊತ್ತಲ್ಲಿ ಚಿಕ್ಕಮ್ಮ ತನ್ನ ತಟ್ಟೆ, ಲೋಟವನ್ನು ಬೇರೆಯಾಗಿ ಇಡತೊಡಗಿದ್ದಳು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಚುರುಕಿ ಅದನ್ನು ನೋಡಿದಳು. ಎದ್ದು ಹೋಗಿ ಅದೇ ಲೋಟದಲ್ಲಿ ನೀರು ಕುಡಿದಳು.

ಆರನೇ ವಾರದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಇನ್ನೂ ಒಂದು ಬಾಕಿ.

ಅದೇ ವಾರ ಲಿಫ್ಟ್ ಕೆಟ್ಟಿತು. ಒಗೆದ ಬಟ್ಟೆಯನ್ನು ತಲೆಯ ಮೇಲೆ ಹೊತ್ತು ಚುರುಕಿ ನಾಲ್ಕನೇ ಮಹಡಿ ಹತ್ತಿದಳು. ಮಕ್ಕಳ ವಾರ್ಡು. ಅವರ ಗುರುತು ಹಸಿರು ದಾರ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಂಗೈಯಷ್ಟು ಮುಖದ ಒಂದು ಮಗು ಮುಷ್ಟಿ ಬಿಗಿದು ನಿದ್ದೆ ಹೋಗಿತ್ತು. ಅದರ ಉಸಿರಿಗೆ ಶೀಟಿನ ಅಂಚು ಅಲುಗಿತು, ನಿಂತಿತು, ಅಲುಗಿತು. ಚುರುಕಿ ಮಂಡಿಯೂರಿ ಕೂತು ನೋಡಿದಳು. ಇಷ್ಟು ಸಣ್ಣ ಜೀವಕ್ಕೆ ತಾನೂ ಏನೋ ಮಾಡಿಕೊಟ್ಟಿದ್ದೇನೆ ಎಂಬುದು ನಂಬಲಾಗದ ಸಂಗತಿಯಂತಿತ್ತು...

ಆಗ ಕಣ್ಣಿಗೆ ಬಿತ್ತು. ಆ ಶೀಟಿನ ಮೂಲೆಯಲ್ಲಿ ನೀಲಿ ದಾರ.

"ಸಿಸ್ಟರ್, ಇದು ಮೂರನೇ ಮಹಡಿಯದಲ್ವಾ?"

"ನಿಮ್ಮೋರೇ ಕಳಿಸಿದ್ದಲ್ವಾ?" ಎಂದಳು ಅಲ್ಲಿನ ನರ್ಸು. "ಒಂದೂವರೆ ತಿಂಗಳ ಹಿಂದೆ ಒಣಗಿಸೋ ಯಂತ್ರ ಕೆಟ್ಟಿತ್ತು ಅಂತ ನೀಲಿ ಕಳಿಸಿದ್ರಿ. ಅದರಲ್ಲಿ ಒಂದಷ್ಟು ನಮ್ಮ ಕಪಾಟಿನಲ್ಲೇ ಉಳ್ಕೊಂಡಿತ್ತು."

ಅವಳು ಮಗುವಿನ ಕೈಗೆ ಔಷಧಿ ಹೋಗಲು ಸೂಜಿ ಸಿದ್ಧ ಮಾಡುತ್ತಿದ್ದಳು. ಕೂದಲೆಳೆಯಂಥ ತೆಳ್ಳನೆಯ, ಗಿಡ್ಡ ಸೂಜಿ.

ಚುರುಕಿಗೆ ಆ ಸೂಜಿಯ ಗುರುತು ಸಿಕ್ಕಿತು. ಸ್ಟೀಲ್ ಬಟ್ಟಲಿನಲ್ಲಿ ಇದ್ದದ್ದು ಇಂಥದೇ. ಗಂಡಸರ ಮೂಳೆ ವಾರ್ಡಿನಲ್ಲಿ ಇಂಥದನ್ನು ಯಾರೂ ಬಳಸುವುದಿಲ್ಲ.

ಚಿಕ್ಕಮ್ಮನಿಗೆ ಸೂಜಿ ನಾಟುವ ಹಿಂದಿನ ದಿನ ಹಸಿರು ಶೀಟು ಒಣಗದೆ, ನೀಲಿಯ ಅಟ್ಟಿಯನ್ನು ನಾಲ್ಕನೇ ಮಹಡಿಯ ಗಾಡಿಗೆ ಏರಿಸಿದ್ದು ಯಾರು?

ಅವಳೇ.

ಸೂಜಿಯನ್ನು ನೋಡಿದ ಕ್ಷಣವೇ ಅದು ಮಕ್ಕಳ ವಾರ್ಡಿನದು, ಶೀಟು ಅದಲುಬದಲಾಗಿದೆ ಎಂದು ಬ್ರದರ್‌ಗೆ ಗೊತ್ತಾಗಿತ್ತು. ಗೊತ್ತಿದ್ದೂ 'ನಮ್ಮದೇ' ಎಂದಿದ್ದ. ಮೆಮೊ ತೆಗೆದುಕೊಂಡಿದ್ದ. ಒಂದೂವರೆ ತಿಂಗಳು ಅವಳ ಬಿರುನುಡಿ ಕೇಳಿಕೊಂಡು, ದಿನಾ ಕೆಳಗಿಳಿದು ಬಂದಿದ್ದ.

'ಹೀಗೂ ಒಬ್ಬ ಮನುಷ್ಯ ಇರ್ತಾನಾ...'

ಎದೆ ತುಂಬಿ ಬಂತು. ಅದರ ಬೆನ್ನಿಗೇ ಕೋಪವೂ ಬಂತು.

ಅವನು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ, ಬಟ್ಟೆ ಒಣಹಾಕುವ ತಂತಿಗಳ ನಡುವೆ ಸಿಕ್ಕಿದ.

"ಯಾಕೆ ಹೇಳ್ಲಿಲ್ಲ?"

ಏನು ಎಂದು ಅವನು ಕೇಳಬೇಕಾಗಲಿಲ್ಲ. "ಹೇಳಿದ್ರೆ ಶೀಟು ಅದಲುಬದಲು ಮಾಡಿದ್ದು ಲಾಂಡ್ರಿ ಅಂತ ಬರೀತಿದ್ರು. ಸೂಜಿ ಚುಚ್ಚಿಸ್ಕೊಂಡವರ ತಲೆ ಮೇಲೇ ಇನ್ನೊಂದು ತಪ್ಪು. ನನಗೆ ಬರೋದು ಒಂದು ಮೆಮೊ. ನಿಮಗಾದ್ರೆ ಕೆಲಸವೇ ಹೋಗ್ತಿತ್ತು."

"ನನ್ನ ಪರವಾಗಿ ತೀರ್ಮಾನ ಮಾಡೋಕೆ ನಿಮಗ್ಯಾರು ಹೇಳಿದ್ರು?"

ಅವನು ತಂತಿಯ ಮೇಲಿನ ಶೀಟನ್ನು ಬದಿಗೆ ಸರಿಸಿ ಅವಳ ಎದುರಿಗೆ ಬಂದ.

"ನಿಮ್ಮ ಈ ದೊಡ್ಡತನದಿಂದ ಏನಾಯ್ತು ಗೊತ್ತಾ? ತಪ್ಪೆಲ್ಲ ಮೂರನೇ ವಾರ್ಡಿನದು, ನಮ್ಮದಲ್ಲ ಅಂತ ಉಳಿದವರೆಲ್ಲ ಕೈ ತೊಳ್ಕೊಂಡು ಕೂತರು. ಒಂದೂವರೆ ತಿಂಗಳಿಂದ ಸೂಜಿ ಬೀಳ್ತಾನೇ ಇವೆ. ನೀವು ನನ್ನನ್ನ ಉಳಿಸಿದ್ರಿ. ನನ್ನ ಕೈಯನ್ನಲ್ಲ."

ಅವನ ಮುಖದ ಬಣ್ಣ ಇಳಿಯಿತು. "ನಾನು... ಅಷ್ಟು ದೂರ ಯೋಚನೆ ಮಾಡ್ಲಿಲ್ಲ."

"ನಾನು ಮಾಡಿದೀನಿ. ನಡೀರಿ ನನ್ನ ಜೊತೆ."

"ಎಲ್ಲಿಗೆ?"

"ದೊಡ್ಡ ಸಿಸ್ಟರ್ ಹತ್ರ. ಶೀಟು ಬದಲಾಯಿಸಿದ್ದು ನಾನು ಅಂತ ಹೇಳ್ತೀನಿ."

"ಕೆಲಸ ಹೋದ್ರೆ?"

ಅವಳು ತಿರುಗಿ ನೋಡಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಹೋದ್ರೆ ಹೋಗ್ಲಿ. ನೀವೊಬ್ಬರೇ ಬೆನ್ನು ಬಗ್ಗಿಸಿದ್ದು ಸಾಕು."

ದೊಡ್ಡ ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಅಂದ್ರೆ ಮೂಲೆ ನೋಡಿ ಯಾವ ವಾರ್ಡಿನದು ಅಂತ ಹೇಳೋಕಾಗಲ್ಲ."

"ಆಗಲ್ಲ ಸಿಸ್ಟರ್. ಯಂತ್ರ ಕೆಟ್ಟಾಗೆಲ್ಲ ಅದಲುಬದಲಾಗುತ್ತೆ. ಅದಕ್ಕೇ ಎಲ್ಲರೂ ನೋಡ್ಬೇಕು ಅಂತಿದೀನಿ. ನಿಮ್ಮ ಹುಡುಗೀರಿಗೆ ಪುರುಸೊತ್ತಿಲ್ಲ, ಅದೂ ನಿಜ. ನಾವು ಬರ್ತೀವಿ. ಬೆಳಿಗ್ಗೆ ಆರಕ್ಕೆ, ಶೀಟು ಬದಲಾಯಿಸೋ ಹೊತ್ತಿಗೆ, ವಾರ್ಡಿಗೊಬ್ಬರು. ಎರಡು ಮೂಲೆ ನೀವು, ಎರಡು ಮೂಲೆ ನಾವು."

"ನಿಮ್ಮ ಕೆಲಸ?"

"ಸೂಜಿಗೆ ಹೆದರಿ ಒಂದೊಂದೇ ಎಳೀತಾ ಕೂತ್ಕೊಳ್ಳೋದು ತಪ್ಪುತ್ತೆ. ಆ ಹೊತ್ತು ಇಲ್ಲಿಗೆ."

ದೊಡ್ಡ ಸಿಸ್ಟರ್ ಎದ್ದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನೆಲಮಾಳಿಗೆಯ ಮೆಟ್ಟಿಲು ಇಳಿದರು. ಗುಡ್ಡೆಯ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಚಿಕ್ಕಮ್ಮನ ಬಳಿ ಹೋಗಿ, "ಕೈ ಕೊಡಿ," ಎಂದರು.

"ವಾಸಿಯಾಗಿದೆ ಸಿಸ್ಟರ್. ಏನೂ ಕಾಣಲ್ಲ."

"ಕೊಡಿ."

ಆ ಅಂಗೈಯನ್ನು ಅವರು ತಮ್ಮೆರಡು ಕೈಯೊಳಗೆ ಹಿಡಿದುಕೊಂಡರು. ಇಡೀ ಆಸ್ಪತ್ರೆ ಹೆದರುತ್ತಿದ್ದ ಹೆಂಗಸು ಅದರ ಮೇಲೆ ತಲೆ ಬಾಗಿಸಿದರು. "ನಾನು ಹಾಕಿದ ಎಷ್ಟು ಗಂಟು ನೀವು ಬಿಚ್ಚಿದೀರೋ..."

ಚಿಕ್ಕಮ್ಮ ಒದ್ದೆಯಾಗದ ಒಂದು ಸ್ಟೂಲನ್ನು ಕಾಲಿನಿಂದ ಅವರ ಕಡೆ ತಳ್ಳಿದಳು. "ಕೂತ್ಕೊಳ್ಳಿ. ಮೊದಲ ದಿನ ಎಲ್ಲರಿಗೂ ತಲೆ ಸುತ್ತುತ್ತೆ."

ಮುಂದಿನ ಸೋಮವಾರ ಆರು ಗಂಟೆಗೆ ಚಿಕ್ಕಮ್ಮ ಚುರುಕಿಯನ್ನು ಕೂಗಿ ಅಂಗಳಕ್ಕೆ ಕರೆದಳು. "ಬಾರೇ ಇಲ್ಲಿ. ಕತ್ತೆತ್ತಿ ನೋಡು."

ನಾಲ್ಕು ಮಹಡಿಯ ಕಿಟಕಿಗಳೂ ತೆರೆದಿದ್ದವು. ಪ್ರತಿ ಕಿಟಕಿಯಲ್ಲೂ ಶೀಟು ಮೆಲ್ಲಗೆ ಮೇಲೇಳುತ್ತಿತ್ತು, ಬೆಳಗಿನ ಬಿಸಿಲು ಅದರೊಳಗಿಂದ ಹಾಯುತ್ತಿತ್ತು, ಬಟ್ಟೆಯ ಆಚೆ ಈಚೆ ಎರಡು ಜೊತೆ ಕೈಗಳ ನೆರಳು. ಒಂದು ಇಳಿದರೆ ಇನ್ನೊಂದು ಏಳುತ್ತಿತ್ತು. ಕಟ್ಟಡವೇ ಉಸಿರಾಡಲು ಕಲಿತಂತೆ.

ಆಜ್ಞೆಯಾಗಿರಲಿಲ್ಲ, ಸುತ್ತೋಲೆ ಬಂದಿರಲಿಲ್ಲ. ಯಾರೂ ಬಲವಂತ ಮಾಡದೆ ಇಷ್ಟು ಜನ ಒಂದೇ ಹೊತ್ತಿಗೆ ಕೈ ಎತ್ತಿದ್ದರು.

ಮೂರನೇ ಮಹಡಿಯ ಕಿಟಕಿಯಲ್ಲಿ ಶೀಟು ಇಳಿದಾಗ ಅವನ ಮುಖ ಕಂಡಿತು. ಅವನೂ ಕೆಳಗೆ ಅವಳನ್ನೇ ನೋಡುತ್ತಿದ್ದ.

ಮೂರನೇ ತಿಂಗಳ ಪರೀಕ್ಷೆಯ ಫಲಿತಾಂಶವನ್ನು ತಂದದ್ದು ಅವನೇ. ಬಾಗಿಲಲ್ಲಿ ನಿಂತು ಬರೀ ತಲೆಯಾಡಿಸಿ ನಕ್ಕ. ಏನೂ ಇಲ್ಲ. ಚಿಕ್ಕಮ್ಮ ಪೂರ್ತಿ ಪಾರಾಗಿದ್ದಳು.

ಮೂರು ತಿಂಗಳು ಅಳದಿದ್ದ ಚಿಕ್ಕಮ್ಮ ಆಗ ಅತ್ತಳು. ಬೇರೆಯಾಗಿಟ್ಟಿದ್ದ ತಟ್ಟೆ, ಲೋಟವನ್ನು ತಂದು ಎಲ್ಲರ ಪಾತ್ರೆಗಳ ನಡುವೆ ತುರುಕಿದಳು.

ಮಾರನೆಯ ಮಧ್ಯಾಹ್ನ ಸೂಚನಾ ಫಲಕದ ಮೇಲೆ ಆಡಳಿತಾಧಿಕಾರಿಯ ಆದೇಶ ಬಂತು. 'ಸದರಿ ಘಟನೆಯಿಂದ ಯಾವುದೇ ಹಾನಿಯಾಗಿಲ್ಲವೆಂದು ದೃಢಪಟ್ಟಿದೆ. ಆದ್ದರಿಂದ ನಾಳೆಯಿಂದ ಹಳೆಯ ಪದ್ಧತಿಯೇ ಮುಂದುವರಿಯತಕ್ಕದ್ದು. ಲಾಂಡ್ರಿ ಸಿಬ್ಬಂದಿ ವಾರ್ಡುಗಳಿಗೆ ಪ್ರವೇಶಿಸಕೂಡದು.'

ಚುರುಕಿ ಅದನ್ನು ಎರಡು ಸಲ ಓದಿದಳು. ಚಿಕ್ಕಮ್ಮ ಬದುಕಿ ಉಳಿದದ್ದನ್ನೇ ಇವರು ತಮ್ಮ ಪರವಾದ ಸಾಕ್ಷಿ ಮಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಲಾಂಡ್ರಿಯ ಹೆಂಗಸರು ಮೆಟ್ಟಿಲ ಬುಡದಲ್ಲಿ ಗುಂಪಾಗಿ ನಿಂತಿದ್ದರು. ಯಾರ ಕಾಲೂ ಏಳಲಿಲ್ಲ. ಎಲ್ಲರ ಮನೆಯಲ್ಲೂ ಈ ಕೆಲಸವೊಂದೇ ಒಲೆ ಉರಿಸುತ್ತಿತ್ತು. ಚುರುಕಿ ಅವರ ನಡುವಿನಿಂದ ದಾರಿ ಮಾಡಿಕೊಂಡು ಮೊದಲ ಮೆಟ್ಟಿಲು ಹತ್ತಿದಳು. ಹಿಂದೆ ತಿರುಗಿ ನೋಡಲಿಲ್ಲ.

ಮೂರನೇ ವಾರ್ಡಿನಲ್ಲಿ ಆಡಳಿತಾಧಿಕಾರಿ ಖುದ್ದಾಗಿ ನಿಂತಿದ್ದರು. ಬ್ರದರ್ ಶೀಟಿನ ಎರಡು ಮೂಲೆ ಹಿಡಿದಿದ್ದ. ಇನ್ನೆರಡು ಮೂಲೆ ಹಿಡಿಯಬೇಕಿದ್ದ ಕೈಗಳು ಇರಲಿಲ್ಲ. ಬಟ್ಟೆ ನೆಲಕ್ಕೆ ಇಳಿಬಿದ್ದಿತ್ತು.

"ಸುತ್ತಿ ಹಾಕ್ರೀ ಅದನ್ನ," ಎನ್ನುತ್ತಿದ್ದರು ಅವರು. "ಒಬ್ಬರೇ ನಿಂತು ಏನು ಮಾಡ್ತೀರಿ?"

"ಕಾಯ್ತೀನಿ ಸರ್."

"ಯಾರಿಗೆ?"

ಚುರುಕಿ ಒಳಗೆ ಬಂದಳು. ಬಾಗಿ, ಬಿದ್ದಿದ್ದ ಎರಡು ಮೂಲೆಗಳನ್ನು ಎತ್ತಿಕೊಂಡಳು. ಬಟ್ಟೆಯ ಆ ತುದಿಯಲ್ಲಿ ಅವನು ತನ್ನ ಮೂಲೆಗಳನ್ನು ಬಿಗಿಯಾಗಿ ಹಿಡಿದ.

"ಇವಳ ಮಾತು ಕೇಳ್ಕೊಂಡು ಕೆಲಸ ಕಳ್ಕೋತೀರೇನ್ರೀ?" ಅಧಿಕಾರಿಯ ದನಿ ಏರಿತು. "ಇವಳು ನಿಮಗೇನಾಗ್ಬೇಕು?"

ಬ್ರದರ್ ಶೀಟಿನ ಮೇಲಿಂದ ಚುರುಕಿಯ ಕಡೆ ನೋಡಿದ.

"ಅದನ್ನ ಅವರೇ ಹೇಳ್ಬೇಕು ಸರ್. ನಾನಿನ್ನೂ ಕೇಳಿಲ್ಲ."

ಮೂಲೆಯ ಹಾಸಿಗೆಯಲ್ಲಿ ಯಾರೋ ಕಿಸಕ್ಕೆಂದರು. ಚುರುಕಿಯ ಮುಖ ಬಿಸಿಯಾಯಿತು.

"ಕೇಳ್ಲಾ?" ಅವನು ಅವಳಿಗಷ್ಟೇ ಕೇಳುವಂತೆ ಅಂದ.

"ಮೊದಲು ಶೀಟು."

ಇಬ್ಬರೂ ಕೈ ಎತ್ತಿದರು. ಬೆಳಕು ಬಟ್ಟೆಯೊಳಗಿಂದ ಹಾದು ಬಂತು, ಅದರಾಚೆ ಅವನ ನೆರಳು. ನಡುವೆ ತಗ್ಗು ಬಿಟ್ಟರು. ಏನೂ ಉರುಳಲಿಲ್ಲ. ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬಂದಾಗ ಬೆರಳು ಬೆರಳಿಗೆ ತಾಗಿತು, ಹಾಗೆಯೇ ಉಳಿಯಿತು.

"ಈಗ ಕೇಳಿ," ಎಂದಳು.

"ನಿಮ್ಮ ಜೊತೆ ಇರ್ಬೇಕು ಅನ್ಸುತ್ತೆ. ಇದು ಮುಗಿದ ಮೇಲೂ."

"ಮತ್ತೆ ನನಗೆ ಹೇಳ್ದೆ ನನ್ನ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ಳಲ್ಲ ತಾನೇ?"

"ಇಲ್ಲ. ಹೇಳಿ ಹಾಕ್ಕೋತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಹೂಂ," ಎಂದಳು. ಅಷ್ಟೇ ಎಂದಳು. ಅವನ ನಿದ್ದೆಗೆಟ್ಟ ಕಣ್ಣು ಹೊಳೆದದ್ದನ್ನು ನೋಡಿದರೆ ಅಷ್ಟು ಸಾಕಾಗಿತ್ತು.

ಮೆಟ್ಟಿಲ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿತು. ಒಂದಲ್ಲ, ಹಲವು. ಮೇಲಿನ ಮಹಡಿಗೆ ಕೆಲವು ಹೋದವು, ಕೆಳಗಿನ ಮಹಡಿಯಲ್ಲಿ ಕೆಲವು ನಿಂತವು. ಚಿಕ್ಕಮ್ಮ ಯಾರನ್ನೋ ಬೇಗ ಹತ್ತು ಎಂದು ಗದರುವ ದನಿ ಕೇಳಿತು.

ಅಧಿಕಾರಿ ಬಾಗಿಲ ಕಡೆ ನೋಡಿದರು. ಆಮೇಲೆ ಚುರುಕಿಯ ಕಡೆ ಬೆರಳು ತೋರಿಸಿದರು.

"ಕೊನೇ ಸಲ ಹೇಳ್ತಿದೀನಿ. ನೀನು ಕೆಳಗೆ ಹೋಗು."

ಚುರುಕಿ ಪಕ್ಕದ ಹಾಸಿಗೆಯ ಶೀಟಿನ ಎರಡು ಮೂಲೆ ಬಿಡಿಸಿಕೊಂಡಳು.

"ಹೋಗಲ್ಲ ಸರ್," ಎಂದಳು. "ಇನ್ನೂ ಇಪ್ಪತ್ತೆರಡು ಹಾಸಿಗೆ ಇವೆ."